ಲೀನಮ್ಮನ ಜೋಳ

ಹಳ್ಳದವಾಡಿಯ ಕ್ರೈಸ್ತ ದೇವಾಲಯದಲ್ಲಿ ತೂಗುವ ಮೂವತ್ತು ಮಣದ ಗಂಟೆಯನ್ನು ಜರ್ಮನಿ ದೇಶದಿಂದ ಒಂದೇ ಹೆಗಲ ಮೇಲೆ ಹೊತ್ತು ತಂದವನು ಜಕರಪ್ಪನ ಅಪ್ಪ ಯೇಸಪ್ಪ. ಗಂಟೆಯ ಭಾರಕ್ಕೆ ಹೆದರಿ ಹಡಗಿನವರು ಹತ್ತಿಸಿಕೊಳ್ಳಲಿಲ್ಲ. ಆದ್ದರಿಂದ ಸಮುದ್ರದ ತಳದಲ್ಲೇ ನಡೆದು ಬಂದ. ಮುಂಬಯಿಯಲ್ಲಿ ಮೇಲೆದ್ದು, ಅಂಗಿ ಹಿಂಡಿಕೊಂಡು, ಒಂದು ತಂಬಿಗೆ ನೀರು ಕುಡಿದು, ಹೆಗಲು ಬದಲಿಸದೆ ಔರಾದದವರೆಗೆ ನಡೆದ. ದಾರಿಯಲ್ಲಿ ಒಂದೇ ಒಂದು ಸಲ ಸೀನಿದ. ಗಂಟೆ ಬಾರಿಸಿತು ನೋಡಿ, ಆ ಸದ್ದಿಗೆ ಬೀದರ ಕೋಟೆಯ ತೋಪುಗಳು ಮದ್ದಿಲ್ಲದೆ ಹಾರಿದವು. ಇದನ್ನು ನಂಬದವರು ಜಕರಪ್ಪನ ಎಡ ಹೆಗಲನ್ನು ನೋಡಬೇಕು. ನಾಲ್ಕು ಬೆರಳು ಕೆಳಗೆ ವಾಲಿದೆ. ಅಪ್ಪನ ಹೆಗಲು ವಾಲಿದ ಮೇಲೆ ಹುಟ್ಟಿದ ಮಗ ಇನ್ನು ಹೇಗಿದ್ದಾನು?

ನಂಬದವಳು ಊರಿಗೆ ಒಬ್ಬಳೇ. ಅವಳು ಅವನ ಹೆಂಡತಿ ರೂತಮ್ಮ.

“ಮದಿವ್ಯಾದ ವರ್ಷ ಬೇವಿನ ಗಿಡದಿಂದ ಬಿದ್ದು ಹೆಗಲು ಮುರಕೊಂಡ್ರು. ಎಣ್ಣಿ ತಿಕ್ಕದಾಕಿ ನಾ,” ಎಂದು ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು.

“ನೀ ತಿಕ್ಕಿದ್ದು ಬಲಗಡಿದು,” ಎನ್ನುತ್ತಿದ್ದ ಜಕರಪ್ಪ.

ಎಪ್ಪತ್ತನಾಲ್ಕು ವರ್ಷದ ಅವನ ಸೊಂಟಕ್ಕೆ ಗೇಣುದ್ದದ ಕಬ್ಬಿಣದ ಕೀಲಿಯೊಂದು ಸದಾ ತೂಗುತ್ತಿತ್ತು. ದೇವಾಲಯದ ಬಾಗಿಲಿನದು. ಗೊಟ್ಲೀಬ ಸಾಹೇಬ ಎಂಬ ಜರ್ಮನ್ ಬಡಗಿ ಮತ್ತು ಅವನ ಹೆಂಡತಿ ಲೀನಮ್ಮ, ದೊಡ್ಡ ಬರ ಮುಗಿದ ಮೇಲೆ ಸೊಲ್ಲಾಪುರದ ಕಡೆಯಿಂದ ಕಾಲುನಡಿಗೆಯಲ್ಲಿ ಬಂದು, ಔರಾದಕ್ಕೂ ಭಾಲ್ಕಿಗೂ ನಡುವಿನ ಈ ಕರಿಮಣ್ಣಿನ ಊರಲ್ಲಿ ಕಟ್ಟಿದ ದೇವಾಲಯ ಅದು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಬಾಗಿಲ ಮೇಲೆ ಇದ್ದಿಲಿನಂತೆ ಕರ್ರಗಿನ ಒಂದು ತೊಲೆ. ಸಿಡಿಲು ಬಡಿದಾಗ ಅಪ್ಪ ಆ ಸಿಡಿಲನ್ನು ಬರಿಗೈಯಲ್ಲಿ ಹಿಡಿದು ಹಳ್ಳಕ್ಕೆ ಎಸೆದನೆಂದೂ, ಕರಿ ಬಿದ್ದದ್ದು ತೊಲೆಗೆ ಮಾತ್ರವೆಂದೂ ಜಕರಪ್ಪ ಹೇಳುತ್ತಿದ್ದ. ಅಂಥ ಅಪ್ಪನಿಗೆ ಸಾಹೇಬ ಮೆಚ್ಚಿ ಕೊಟ್ಟ ಕೀಲಿ ಮಗನಿಗೆ ಬಂದಿತ್ತು. ಕೀಲಿಯ ಜೊತೆಗೆ ಮುಂದಿನ ಬೆಂಚೂ ಬಂದಿತ್ತು. ಭಾನುವಾರ ಊರಿನ ಹತ್ತೊಂಬತ್ತು ಕ್ರೈಸ್ತ ಮನೆಗಳವರು ಚಾಪೆಯ ಮೇಲೆ ಕೂತರೆ, ಜಕರಪ್ಪನ ಮನೆಯವರು ಮಾತ್ರ ಸಾಹೇಬ ಕೈಯಾರೆ ಮಾಡಿದ ತೇಗದ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಒಂದೂವರೆ ವರ್ಷವಾಗಿತ್ತು. ಜಾಗೀರಗಳು ರದ್ದಾಗಿದ್ದವು. ನಿನ್ನೆಯ ತನಕ ಜಾಗೀರದಾರನ ಕುದುರೆಯ ಲದ್ದಿ ಬಳಿಯುತ್ತಿದ್ದವರು ಇವತ್ತು ಬಿಳಿ ಟೋಪಿ ಇಟ್ಟುಕೊಂಡು, ಯಾರ ಹೊಲ ಖಾಲಿ ಇದೆ ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಗಂಡಸರಿಲ್ಲದ ಮುಸಲ್ಮಾನರ ಮನೆಯ ಹೊಲ ಎಂದರೆ ಅವರ ಕಣ್ಣಿಗೆ ಖಾಲಿ ಹೊಲ. ಅದರಲ್ಲಿ ಜೋಳ ತೆನೆ ಬಿಟ್ಟು ನಿಂತಿರಲಿ, ಹೆಂಗಸೊಬ್ಬಳು ಬಗ್ಗಿ ಕಳೆ ತೆಗೆಯುತ್ತಿರಲಿ, ಅದು ಖಾಲಿಯೇ! ಇದಕ್ಕೆ ನ್ಯಾಯ ಎಂದು ಹೆಸರಿಟ್ಟು ಪಟೇಲನ ಕಟ್ಟೆಯ ಮೇಲೆ ಎಲೆ ಅಡಿಕೆ ಹಂಚುತ್ತಿದ್ದರು.

ದೇವಾಲಯದ ಹಿಂದಿನ ನಾಲ್ಕು ಎಕರೆ, ಬಾವಿ ಸಮೇತ, ವಜೀರಬೀಯದು. ಆಕ್ಷನ್ ಆದ ಹನ್ನೆರಡನೆಯ ದಿನ ಭಾಲ್ಕಿ ಸಂತೆಗೆ ಹೋದ ಅವಳ ಗಂಡ ಗುಲಾಮ ರಸೂಲ ತಿರುಗಿ ಬಂದಿರಲಿಲ್ಲ. ಆ ದಿನಗಳಲ್ಲೇ ಯಾರೋ ಅವಳ ಮನೆಯ ಅಟ್ಟಕ್ಕೆ ಬೆಂಕಿ ಇಟ್ಟಿದ್ದರು. ಹೊಲದ ಕಾಗದಪತ್ರಗಳೆಲ್ಲ ಅಲ್ಲೇ ಸುಟ್ಟವು. ಉಳಿದದ್ದು ಅವಳು, ಅವಳ ಮಗಳು ಸುಗರಾ, ಹೊಲ, ಬಾವಿ. ಆ ಬಾವಿ ಎಂಥದೆಂದರೆ, ಊರಿನ ಉಳಿದ ಐದು ಬಾವಿಗಳ ಹತ್ತಿರ ಹಾದರೂ ಗದರಿಸಿಕೊಳ್ಳುತ್ತಿದ್ದ ಹತ್ತೊಂಬತ್ತು ಮನೆಗಳ ಕೊಡಗಳು ಎಪ್ಪತ್ತು ವರ್ಷದಿಂದ ತುಂಬುತ್ತಿದ್ದದ್ದು ಅಲ್ಲೇ.

ಫೆಬ್ರುವರಿಯಲ್ಲಿ ಬೀದರದಿಂದ ಪಾದ್ರಿ ಸಾಹೇಬರ ಕಾಗದ ಬಂತು. ದೇವಾಲಯಕ್ಕೆ ಎಪ್ಪತ್ತು ತುಂಬುತ್ತದೆ, ಅದರ ಚರಿತ್ರೆ ಬರೆಸಿ ಇಡಿರಿ, ಈಸ್ಟರ್ ದಿನ ಸಭೆಯಲ್ಲಿ ಓದೋಣ ಎಂದಿತ್ತು. ಜಕರಪ್ಪ ಆ ಕಾಗದವನ್ನು ಮೂರು ದಿನ ರುಮಾಲಿನಲ್ಲಿ ಸಿಕ್ಕಿಸಿಕೊಂಡು ತಿರುಗಿದ. ನಾಲ್ಕನೆಯ ದಿನ ಸೊಸೆಯನ್ನು ಕರೆದ. ಸುಂದರಬಾಯಿ ಬೀದರದ ಬೋರ್ಡಿಂಗ್ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಅಕ್ಷರ ಮುತ್ತು ಪೋಣಿಸಿದ ಹಾಗೆ, ಮಾತು ಮಾತ್ರ ತೂಕ ಹಾಕಿದ ಹಾಗೆ.

“ಬರಿ ಸುಂದರಾ. ಗೊಟ್ಲೀಬ ಸಾಹೇಬರು ಏಳು ಅಡಿ ಎತ್ತರ ಇದ್ರು.”

“ಹೋದ ಸರ್ತಿ ಐದೂವರಿ ಅಂದಿದ್ರಿ, ಮಾವಾ.”

“ಅದು ಕುಂತಾಗ.”

ಸುಂದರಬಾಯಿ ಬರೆದಳು. ಒಳಗೆ ಬೀಸುವ ಕಲ್ಲಿನ ಮುಂದೆ ಕೂತಿದ್ದ ರೂತಮ್ಮ ಕಲ್ಲಿಗಿಂತ ಜೋರಾಗಿ ನಕ್ಕಳು. ಜಕರಪ್ಪ ಧ್ವನಿ ಏರಿಸಿದ.

“ಹೈದರಾಬಾದ ದರ್ಬಾರದ ದೊಡ್ಡ ಕುರ್ಚಿದು ಕಾಲು ಮುರಿದಿತ್ತು. ನೂರಾ ಎಂಟು ಮಂದಿ ಬಡಗ್ಯಾರು ಕೈ ಚೆಲ್ಲಿದ್ರು. ನಮ್ಮ ಸಾಹೇಬರು ಹೋಗಿ ಒಂದೇ ಒಂದು ಮೊಳಿ ಹೊಡದ್ರು. ಕುರ್ಚಿ ನೆಟ್ಟಗ ನಿಂತಿತು! ಖುಷಿಯಾಗಿ ಸರ್ಕಾರ ಬೆಳ್ಳಿ ತಗಡಿನ ಮ್ಯಾಲ ಫರ್ಮಾನ ಬರದು ಚರ್ಚಿನ ಹಿಂದಿನ ಹೊಲ ಬಕ್ಷೀಸ ಕೊಟ್ಟಿತು, ಬಾವಿ ಸುದ್ದಾ.”

ಅಂಗಳದಲ್ಲಿ ಮುಖ ತೊಳೆಯುತ್ತಿದ್ದ ಮಗ ಪ್ರಭುದಾಸ ತಂಬಿಗೆ ಕೆಳಗಿಟ್ಟ.

“ಯಾವ ಹೊಲ, ಅಪ್ಪಾ? ವಜೀರಬೀದು?”

ಜಕರಪ್ಪ ಅಲ್ಲಿಗೇ ನಿಲ್ಲಬಹುದಾಗಿತ್ತು. ಆದರೆ ಓಡುತ್ತಿರುವ ಕತೆಯನ್ನು ನಿಲ್ಲಿಸುವುದು ಅವನ ವಂಶದಲ್ಲೇ ಇರಲಿಲ್ಲ. “ಮತ್ಯಾವುದು? ಅಕಿ ಗಂಡನ ಅಜ್ಜ ಸುಭಾನ, ನಮ್ಮ ಸಾಹೇಬರ ಕೈಯಾಗ ರೈತ ಇದ್ದ. ಅದಕ್ಕೇ ಇವತ್ತಿಗೂ ಸುಗ್ಗಿಗಿ ಒಂದು ಸೇರು ಜ್ವಾಳ ತಂದು ಕೊಡ್ತಾರ. ಗೇಣಿ ಅದು!”

ಬೀಸುವ ಕಲ್ಲು ನಿಂತಿತು.

ಆ ಒಂದು ಸೇರು ಜೋಳದ ಮಾತೇ ಬೇರೆ. ಬೇರೆ ಕಡೆ ದೇವಾಲಯಗಳಲ್ಲಿ, ಯೇಸುವಿನ ಕೊನೆಯ ಊಟದ ನೆನಪಿನ ಕರ್ತನ ಭೋಜನಕ್ಕೆ ಗೋಧಿಯ ರೊಟ್ಟಿ ಮುರಿಯುತ್ತಾರೆ; ಹಳ್ಳದವಾಡಿಯಲ್ಲಿ ಮಾತ್ರ ಜೋಳದ ರೊಟ್ಟಿ. ಈಸ್ಟರ್ ದಿನದ ರೊಟ್ಟಿಗೆ ಜೋಳ ಬರುವುದು ದೇವಾಲಯದ ಹಿಂದಿನ ಹೊಲದಿಂದ. ಊರವರು ಅದಕ್ಕೆ ಲೀನಮ್ಮನ ಜೋಳ ಎನ್ನುತ್ತಿದ್ದರು. ಸುಗ್ಗಿ ಆದ ಮೇಲೆ ಸುಭಾನನ ಮನೆಯವರು ಒಂದು ಸೇರು ಅಳೆದು, ಬಿಳಿ ಬಟ್ಟೆ ಮುಚ್ಚಿ, ಕೀಲಿ ಇರುವ ಮನೆಗೆ ತಂದು ಕೊಡುತ್ತಿದ್ದರು. ರೂತಮ್ಮ ನಲವತ್ತೊಂಬತ್ತು ಈಸ್ಟರ್‌ಗೆ ಆ ಹಿಟ್ಟು ಬೀಸಿದ್ದಳು.

“ಗೇಣಿ?” ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ನಾಲ್ಕ ಎಕರೆಕ್ಕ ಒಂದು ಸೇರು ಗೇಣಿ ಇಸಕೊಳ್ಳೋ ಧಣಿ ಯಾವ ದೇಶದಾಗ ಅದಾನ್ರಿ?”

“ಜರ್ಮನಿ ದೇಶದಾಗ,” ಎಂದ ಜಕರಪ್ಪ.

ಪ್ರಭುದಾಸ ನಗಲಿಲ್ಲ. ಟವೆಲಿನಿಂದ ಮುಖ ಒರೆಸುತ್ತ, “ಇದೆಲ್ಲ ಒಂದೂ ಬಿಡದಂಗ ಬರಿ,” ಎಂದು ಹೆಂಡತಿಗೆ ಹೇಳಿ ಹೋದ.

ಮುಂದಿನ ವಾರ ಚರಿತ್ರೆ ಒಂಬತ್ತನೆಯ ಪುಟಕ್ಕೆ ಬಂತು. ಲೀನಮ್ಮ ಸತ್ತ ವರ್ಷದ ಕತೆ. ಜಕರಪ್ಪ ಆಗ ಹತ್ತು ವರ್ಷದವನು. ಅಳು ಬರುವ ಕತೆಗೆ ಅವನು ಇನ್ನೂ ಚೆನ್ನಾಗಿ ಮಸಾಲೆ ಅರೆಯುತ್ತಿದ್ದ.

“ಸಾಹೇಬರು ರುಮಾಲು ತಗದು ಸುಭಾನನ ಕಾಲ ಬಲ್ಲಿ ಇಟ್ರು. ‘ಸುಭಾನಾ, ನನ್ನ ಲೀನಾಗ ನಿನ್ನ ಹೊಲದಾಗ ಆರು ಅಡಿ ಜಾಗಾ ಕೊಡು,’ ಅಂದ್ರು. ಸುಭಾನ ಅತ್ತ. ಆಂವ ಅತ್ತಿದ್ದಕ್ಕ ಹಳ್ಳ ಎರಡು ದಿನ ಹರೀತು, ಬ್ಯಾಸಗ್ಯಾಗ! ತಾನೇ ಬೇವಿನ ಗಿಡದ ಬುಡಕ ಕುಣಿ ತೋಡಿದ.”

ಸುಂದರಬಾಯಿ ಬರೆಯುತ್ತಿದ್ದವಳು ನಿಲ್ಲಿಸಿದಳು. ಮೂರನೆಯ ಪುಟಕ್ಕೆ ತಿರುಗಿದಳು. ಮತ್ತೆ ಒಂಬತ್ತಕ್ಕೆ ಬಂದಳು. ಮಾವನ ಮುಖ ನೋಡಿದಳು. ಲೇಖನಿಯನ್ನು ಮಸಿಯಲ್ಲಿ ಅದ್ದಿದಳು.

ಮಾರ್ಚ್ ಮೊದಲ ವಾರ ಪ್ರಭುದಾಸ ಔರಾದಕ್ಕೆ ಹೋಗಿ ಬಂದ. ಮಧ್ಯಾಹ್ನ ಊಟಕ್ಕೆ ಕೂತಾಗ ಪುಂಡಿಪಲ್ಯಕ್ಕೆ ಕೈ ಹಾಕುವ ಮೊದಲೇ ಸುದ್ದಿ ಹೇಳಿದ.

“ಗಿರದಾವರ ಕಾಶೀರಾಮ ಸಾಹೇಬರಿಗಿ ಅರ್ಜಿ ಕೊಟ್ಟು ಬಂದೀನಿ. ಈಸ್ಟರದ ಹಿಂದಿನ ದಿನ ಊರಿಗಿ ಬರ್ತಾರ. ಹೊಲಕ್ಕ ಹೆಸರು ಹಚ್ಚೋದು ಅವರೇ. ಅಪ್ಪ ಅವರ ಮುಂದ ಸಾಕ್ಷಿ ಬಯಾನ ಕೊಟ್ಟ್ರ ಹೊಲ ಚರ್ಚಿನ ಹೆಸರಿಗಿ ಆಗ್ತದ.”

ಜಕರಪ್ಪನ ಗಂಟಲಲ್ಲಿ ರೊಟ್ಟಿ ನಿಂತಿತು. ರೂತಮ್ಮ ನೀರು ಕೊಡಲಿಲ್ಲ.

“ವಜೀರಬೀ ಎಲ್ಲಿ ಹೋಗಬೇಕು?” ಎಂದಳು.

“ಮನಿ ಅಕಿದೇ ಇರ್ತದಲ್ಲ. ಹೊಲದಾಗ ಸಾಲಿ ಕಟ್ತೇವಿ, ಅವ್ವಾ. ಜಾಗಾ ಇದ್ದ್ರ ಸಾಲಿ ಮಂಜೂರು ಮಾಡ್ತೇನಿ ಅಂದಾರ ಪಾದ್ರಿ ಸಾಹೇಬರು. ನಾನೇ ಮಾಸ್ತರ.”

“ಮನಿ ಕಡದು ತಿನ್ನಬೇಕೇನು ಅಕಿ? ಕಲ್ಲು ತಿನ್ನಬೇಕೇನು?”

“ನಾವು ತಗೊಳಲಿಲ್ಲಂದ್ರ ಪಟೇಲನ ಮಂದಿ ತಗೋತಾರ! ಅವರು ಅಳದು ಹೋಗ್ಯಾರ. ಅವರ ಕೈಯಾಗ ಹೋದ್ರ ಬಾವಿ ನಮಗ ಬಂದ್. ಅದು ಗೊತ್ತದ ಏನು ನಿನಗ?”

“ಗೊತ್ತದ. ಕಳ್ಳ ಬರ್ತಾನಂತ ಗೊತ್ತಾಗಿ ನಾವೇ ಮೊದಲು ಕದಿಯೂಣು ಅಂತಿ. ಇದನ್ನ ಬೈಬಲದಾಗ ಯಾವ ಪುಟದಾಗ ಓದೀದಿ, ಮಾಸ್ತರಾ?”

ಪ್ರಭುದಾಸ ಎದ್ದು ಕೈ ತೊಳೆದ. “ಕತಿ ನಾ ಕಟ್ಟಿಲ್ಲವ್ವಾ. ಅಪ್ಪ ಹೇಳ್ಯಾನ. ಅಪ್ಪನ್ನ ಕೇಳು.”

ರೂತಮ್ಮ ಗಂಡನ ಕಡೆ ತಿರುಗಿದಳು. ಜಕರಪ್ಪ ಮೆಣಸಿನಕಾಯಿ ಹಿಂಡಿಯನ್ನು ಬಹಳ ಶ್ರದ್ಧೆಯಿಂದ ನೆಕ್ಕುತ್ತಿದ್ದ.

ಮರುದಿನದಿಂದ ರೂತಮ್ಮ ಆ ಬಾವಿಯ ನೀರು ಸೇದುವುದನ್ನು ಬಿಟ್ಟಳು. “ಕದ್ದ ಬಾವಿ ನೀರಾಗ ನಾ ಅನ್ನಕ್ಕ ಇಡಾಂಗಿಲ್ಲ,” ಎಂದು ಕೊಡ ಹೊತ್ತು ಮೈಲಿ ದೂರದ ಹಳ್ಳಕ್ಕೆ ಹೊರಟಳು. ಅರವತ್ತೇಳು ವರ್ಷದ ಹೆಂಗಸು, ಬಿಸಿಲು ತಲೆಯ ಮೇಲೆ. ಹಳ್ಳದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ತುಂಬಬೇಕು. ದಿನಕ್ಕೆ ಎರಡು ಕೊಡ. ಅಷ್ಟರಲ್ಲೇ ಅಡಿಗೆ, ಅಷ್ಟರಲ್ಲೇ ಕುಡಿಯುವುದು. ಪ್ರಭುದಾಸನಿಗೆ ಸ್ನಾನಕ್ಕೆ ಅರ್ಧ ತಂಬಿಗೆ.

“ಇದರಾಗ ಏನು ತೊಳೀಲಿ?” ಎಂದು ಅವನು ಕೂಗಾಡಿದ.

“ಕೈ ತೊಳಕೊ,” ಎಂದಳು ರೂತಮ್ಮ. “ಉಳದದ್ದು ಆಮ್ಯಾಲ ನೋಡೂಣು.”

ಎರಡನೆಯ ವಾರ ಸುಂದರಬಾಯಿಯೂ ಸುಮ್ಮನೆ ಒಂದು ಕೊಡ ಎತ್ತಿಕೊಂಡು ಅತ್ತೆಯ ಹಿಂದೆ ನಡೆದಳು. ಗಂಡ ಕೇಳಿದ್ದಕ್ಕೆ, “ಅತ್ತಿ ಒಬ್ಬಾಕಿ ಹೋದ್ರ ಮಂದಿ ಏನಂತಾರ?” ಎಂದಷ್ಟೇ ಅಂದಳು. ಇಬ್ಬರೂ ಕೊಡ ಹೊತ್ತು ಬರುವಾಗ ಪಟೇಲನ ಕಟ್ಟೆಯ ಮೇಲಿನ ಬಿಳಿ ಟೋಪಿಗಳು ಒಂದಕ್ಕೊಂದು ತಾಗಿಕೊಂಡು ನಕ್ಕವು.

ಒಂದು ಮಧ್ಯಾಹ್ನ ಜಕರಪ್ಪ ಹೆಂಡತಿಯನ್ನು ತಡೆದ. ಬಾಯಲ್ಲಿ ಕತೆ ಇಲ್ಲದ ಜಕರಪ್ಪ ಊದಿದ ಗಾಳಿ ಹೋದ ಚೀಲದಂತಿದ್ದ.

“ಬಿಡ ರೂತಿ. ಕಾಲು ಸುಡ್ತಾವ.”

“ನೀವು ಗಿರದಾವರನ ಮುಂದ ಖರೆ ಹೇಳ್ತೀರಿ? ಹೇಳ್ರಿ, ಈಗಿಂದೀಗ ಬಿಡ್ತೇನಿ.”

“ಬರದು ಆಗೇದ. ಮಗ ಕೊಟ್ಟು ಬಂದಾನ. ನಾ ಸುಳ್ಳ ಅಂದ್ರ ಊರಾಗ ನನ್ನ ಬೆಲೆ ಏನು ಉಳೀತು? ಒಂದು ಸುಳ್ಳಂದ ಮ್ಯಾಲ ಎಲ್ಲಾ ಕೆದರ್ತಾರ. ಗಂಟಿ ಕೆದರ್ತಾರ, ಕೀಲಿ ಕೆದರ್ತಾರ...”

“ಕೆದರ್ಲಿ. ಏನದ ಕೀಲಿಯಾಗ?”

ಜಕರಪ್ಪ ಸೊಂಟದ ಕೀಲಿಯ ಮೇಲೆ ಕೈ ಮುಚ್ಚಿಕೊಂಡ. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೂ ಅವನು ಹೇಳದ ಒಂದು ಮಾತು ಅದರಲ್ಲಿತ್ತು.

ಅದೇ ವಾರ ವಜೀರಬೀ ಬೇಲಿಯ ಹತ್ತಿರ ಅವನನ್ನು ಕೂಗಿದಳು. ಹೊಲದಲ್ಲಿ ಜೋಳ ಕಿತ್ತು ಹಾಸಿತ್ತು. ಸುಗರಾ ದೂರದಲ್ಲಿ ತೆನೆ ಮುರಿಯುತ್ತಿದ್ದಳು.

“ಕಾಕಾ, ಅತ್ತಿ ಸೊಸಿ ಯಾಕ ನನ್ನ ಬಾವಿಗಿ ಬರವಲ್ರು? ನನ್ನಿಂದ ಏನರ ತಪ್ಪಾಯ್ತೇನ್ರಿ?”

“ಇಲ್ಲವಾ, ಇಲ್ಲ. ಹಳ್ಳದ ನೀರು ಬಾಳ ಸಿಹಿ ಅಂತ... ಹಂಗಂತ...” ಜೀವನದಲ್ಲಿ ಮೊದಲ ಸಲ ಜಕರಪ್ಪನ ಸುಳ್ಳು ಅರ್ಧಕ್ಕೆ ನಿಂತಿತು.

ವಜೀರಬೀ ಸೆರಗು ಎಳೆದುಕೊಂಡು ಹತ್ತಿರ ಬಂದಳು. “ಗಿರದಾವರ ಬರ್ತಾನಂತಲ್ರಿ. ಹೊಲ ನಂದಲ್ಲ ಅಂತ ಯಾರೋ ಬರದು ಕೊಟ್ಟಾರಂತ. ಪಟೇಲನ ಮಂದೀನೇ ಇರಬೇಕು. ನನ್ನ ಬಲ್ಲಿ ಒಂದು ಚೂರು ಕಾಗದ ಇಲ್ಲ, ಕಾಕಾ. ಹಳೇದು ಬಲ್ಲವರು ಊರಾಗ ನೀವೊಬ್ಬರೇ ಉಳದೀರಿ. ನೀವು ಒಂದು ಮಾತು ಹೇಳಿದ್ರ ಆಯ್ತು. ಅಲ್ಲಾ ನಿಮಗ ನೂರು ವರ್ಷ ಕೊಡ್ಲಿ.”

ಜಕರಪ್ಪ ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಬೇಲಿಯ ಆ ಕಡೆ ಬೇವಿನ ಗಿಡದ ಬುಡದಲ್ಲಿ ಲೀನಮ್ಮನ ಸಮಾಧಿಯ ಕಲ್ಲು ಕಾಣುತ್ತಿತ್ತು. ಯಾರೋ ಅದರ ಮೇಲಿನ ಎಲೆ ಗುಡಿಸಿದ್ದರು. ಯಾರೋ ಏನು, ವಜೀರಬೀಯೇ. ಆ ಸಮಾಧಿಯನ್ನು ಕ್ರೈಸ್ತರ ಮನೆಯವರು ವರ್ಷಕ್ಕೊಮ್ಮೆ ನೆನೆಯುತ್ತಿದ್ದರು; ಅವಳು ದಿನಾ ಗುಡಿಸುತ್ತಿದ್ದಳು.

ಈಸ್ಟರ್‌ನ ಹಿಂದಿನ ದಿನ ಬೆಳಿಗ್ಗೆ ಗಿರದಾವರ ಕಾಶೀರಾಮ ಬಂದ. ಮೂಗಿನ ತುದಿಯಲ್ಲಿ ಕನ್ನಡಕ, ಬಗಲಲ್ಲಿ ದಪ್ಪ ಬಟ್ಟೆಯ ಚೀಲ, ಮುಖದಲ್ಲಿ ಹತ್ತು ಊರಿನ ಜಗಳ ಕೇಳಿದ ದಣಿವು. ದೇವಾಲಯದ ಅಂಗಳದಲ್ಲಿ ಅವನಿಗೆ ತೇಗದ ಬೆಂಚನ್ನೇ ಹೊರಗೆ ತಂದು ಹಾಕಿದರು. ಹತ್ತೊಂಬತ್ತು ಮನೆಯವರೂ ಸೇರಿದರು. ಬಿಳಿ ಟೋಪಿಯವರು ಇಬ್ಬರು ಗೋಡೆಗೆ ಒರಗಿ ನಿಂತರು. ಕ್ರೈಸ್ತರೂ ವಜೀರಬೀಯೂ ಕಚ್ಚಾಡಿದರೆ ಹೊಲ ತಮಗೇ ಎಂಬ ನಗೆ ಅವರ ಮೀಸೆಯ ಕೆಳಗಿತ್ತು.

ವಜೀರಬೀ ಬಂದಳು. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಒಂದು ಸೇರು ಜೋಳ. ಹೊಲ ಕೈತಪ್ಪುವ ದಿನವೂ ಅವಳು ಅದನ್ನು ಮರೆತಿರಲಿಲ್ಲ!

“ಕಾಕಿ, ಲೀನಮ್ಮನ ಜ್ವಾಳ. ನಾಳಿ ನಿಮ್ಮ ಹಬ್ಬ ಅಲ್ಲೇನ್ರಿ,” ಎಂದು ರೂತಮ್ಮನ ಕೈಗೆ ಕೊಟ್ಟಳು.

ಪ್ರಭುದಾಸ ಜಿಗಿದು ಎದ್ದ. “ನೋಡ್ರಿ ಸಾಹೇಬ! ನಿಮ್ಮ ಕಣ್ಣ ಮುಂದೇ ಗೇಣಿ ಬಂತು!”

ವಜೀರಬೀ ಅವನ ಮುಖ ನೋಡಿದಳು. ಅರ್ಜಿ ಕೊಟ್ಟವರು ಯಾರೆಂದು ಅವಳಿಗೆ ಗೊತ್ತಾದದ್ದು ಆಗ. ಅವಳು ನೆಲಕ್ಕೆ ಕೂತುಬಿಟ್ಟಳು.

“ಗೇಣಿ ಅಂತ ಯಾರು ಹೇಳ್ತಾರ?” ಎಂದ ಕಾಶೀರಾಮ.

“ನಮ್ಮಪ್ಪ. ಚರಿತ್ರಿ ಬರದೇವ್ರಿ. ಇವಳು ಓದ್ತಾಳ.” ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, “ಮೂರನೇ ಪುಟ ಓದು. ಅಷ್ಟೇ,” ಎಂದ.

ಸುಂದರಬಾಯಿ ನಿಂತು ಓದಿದಳು. ಏಳು ಅಡಿಯ ಸಾಹೇಬ, ದರ್ಬಾರದ ಕುರ್ಚಿ, ಒಂದು ಮೊಳೆ, ಬೆಳ್ಳಿಯ ಫರ್ಮಾನು, ಬಾವಿ ಸಮೇತ ಹೊಲ, ರೈತನಾದ ಸುಭಾನ, ಒಂದು ಸೇರು ಗೇಣಿ. ಪ್ರಭುದಾಸ ಸಾಕು ಎಂದು ಕೈ ಮಾಡಿದ. ಅವಳು ಆ ಕೈಯನ್ನು ನೋಡಿದಳು, ಪುಟ ತಿರುವಿದಳು. ಇನ್ನೂ ತಿರುವಿದಳು. ಒಂಬತ್ತನೆಯ ಪುಟ, ರುಮಾಲು, ಸುಭಾನನ ಕಾಲು, ಆರು ಅಡಿ ಜಾಗ, ಬೇವಿನ ಗಿಡ. ಒಂದಕ್ಷರ ಬಿಡದೆ ಓದಿ, ಪುಸ್ತಕ ಮುಚ್ಚಿ ನಿಂತಳು.

ಕಾಶೀರಾಮ ಕನ್ನಡಕ ಮೇಲೇರಿಸಿಕೊಂಡ.

“ಅಜ್ಜಾ, ಹೊಲ ಸಾಹೇಬಂದು ಅಂತ ನೀವೇ ಅಂತೀರಿ. ಹೆಂಡತಿನ್ನ ಹುಗೀಲಿಕ್ಕ ಸುಭಾನನ ಕಾಲ ಬಲ್ಲಿ ರುಮಾಲು ಇಟ್ಟಾ ಅಂತನೂ ನೀವೇ ಅಂತೀರಿ. ತನ್ನ ಹೊಲದಾಗ ಕುಣಿ ತೋಡಲಿಕ್ಕ ತನ್ನ ರೈತನ ಕಾಲು ಹಿಡೀತಾರೇನು ಯಾರರ?”

ಹಿಂದೆ ಯಾರೋ ಕಿಸಕ್ಕೆಂದರು. ಜಕರಪ್ಪ ಬಾಯಿ ತೆರೆದ. ಇಂಥ ಇಕ್ಕಟ್ಟಿಗೆ ಅವನ ಹತ್ತಿರ ಹದಿನಾರು ಉತ್ತರಗಳಿರುತ್ತಿದ್ದವು. ಸಾಹೇಬರ ವಿನಯ ಅಷ್ಟಿತ್ತು ಎನ್ನಬಹುದು. ಫರ್ಮಾನು ಆಮೇಲೆ ಬಂತು ಎನ್ನಬಹುದು. ಅಷ್ಟರಲ್ಲಿ ರೂತಮ್ಮ ಜೋಳದ ಸೇರನ್ನು ತಂದು ಅವನ ತೊಡೆಯ ಮೇಲಿಟ್ಟಳು.

“ಹೇಳ್ರಿ. ನಾಳಿ ಇದರ ರೊಟ್ಟಿ ಬಾಯಿಗಿ ಹಾಕೊಳ್ಳೋರು ನೀವೇ ಮೊದಲು. ಆ ಬಾಯಿಲೇ ಹೇಳ್ರಿ.”

ಜಕರಪ್ಪ ಸೇರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದ. ಮುಂದಿನ ಬೆಂಚಿಗಾಗಿ ನೆಟ್ಟಗೆ ಮಾಡುತ್ತಿದ್ದ ಬೆನ್ನು ಬಾಗಿತು.

“ಫರ್ಮಾನ ಇಲ್ರಿ, ಸಾಹೇಬ. ಕುರ್ಚಿನೂ ಇಲ್ಲ. ಗೊಟ್ಲೀಬ ಸಾಹೇಬರು ಹೈದರಾಬಾದ ಕಂಡವರೇ ಅಲ್ಲ. ಹೊಲ ಸುಭಾನಂದು. ಚರ್ಚ ನಿಂತ ಜಾಗಾನೂ ಆಂವ ಕೊಟ್ಟಿದ್ದು. ಊರಾಗ ಯಾರೂ ಒಳಗ ಬಿಡಲಾರದಾಗ ಅವರಿಬ್ಬರಿಗಿ ತನ್ನ ಪಡಸಾಲಿ ಕೊಟ್ಟಾಂವ ಆಂವ.”

“ಮತ್ತ ಈ ಜ್ವಾಳ?”

“ಲೀನಮ್ಮ ಸಾಯೋ ಮುಂದ ಏನೂ ದಕ್ಕತಿದ್ದಿಲ್ರಿ. ಸುಭಾನನ ಹೆಂಡತಿ ಈ ಹೊಲದ ಜ್ವಾಳದ ಗಂಜಿ ಕುಡಸ್ತಿದ್ದಳು. ಅದೊಂದೇ ಒಳಗ ನಿಲ್ತಿತ್ತು. ಲೀನಮ್ಮ ಸತ್ತ ವರ್ಷ ಸುಗ್ಗಿಗಿ ಆ ಮುದುಕಿ ಒಂದು ಸೇರು ತಂದು, ‘ನಿಮ್ಮಮ್ಮನ ಪಾಲು’ ಅಂತ ಚರ್ಚಿಗಿ ಕೊಟ್ಟಳು. ಅವತ್ತಿನಿಂದ ನಡದದ. ಗೇಣಿ ಅಲ್ಲ. ಗೇಣಿ ಅಂದ ನನ್ನ ನಾಲಗಿಗಿ ಹುಳ ಬೀಳಲಿ.”

“ಅಪ್ಪಾ, ಸಾಕು!” ಪ್ರಭುದಾಸ ಚೀರಿದ. “ಕೀಲಿ ಇದ್ದ ಮನಿ ಮರ್ಯಾದಿ ತಗೀತಿ ಏನು?”

“ಕೀಲಿ!” ಜಕರಪ್ಪ ಸೊಂಟದ ದಾರ ಬಿಚ್ಚಿದ. “ಕೇಳಪ್ಪಾ, ಕೀಲಿದೂ ಕೇಳು. ಮೊದಲು ಇಲ್ಲಿ ಹುಲ್ಲಿನ ಗುಡಿಸಲ ಇತ್ತು. ಅದಕ್ಕ ಬೆಂಕಿ ಹಚ್ಚಿದಾಂವ ನಮ್ಮಪ್ಪ. ಪಟೇಲ ಹೇಳಿದ, ಇಂವ ಹಚ್ಚಿದ. ಸಿಡಿಲು ಗಿಡಿಲು ಏನೂ ಬಿದ್ದಿಲ್ಲ. ಆ ಕರಿ ತೊಲಿ ಅವತ್ತು ಉಳದದ್ದು. ಸಾಹೇಬರು ಕಲ್ಲಿನ ಚರ್ಚ ಕಟ್ಟಿ ಅದೇ ತೊಲಿ ಬಾಗಲ ಮ್ಯಾಲ ಇಟ್ಟ್ರು, ನಮ್ಮಪ್ಪನ್ನ ಕರದು ಕೀಲಿ ಕೊಟ್ಟ್ರು. ‘ಸುಟ್ಟಾಂವ ನೀ, ಕಾಯಾಂವನೂ ನೀನೇ ಆಗು,’ ಅಂದ್ರು. ಸಾಯೋತನಕ ಕಸಾ ಹೊಡದ ನಮ್ಮಪ್ಪ. ಬೆಂಚಿನ ಮ್ಯಾಲ ಒಂದು ದಿನ ಕುಂತಿಲ್ಲ. ಕುಂತಾಂವ ನಾ.”

ಬಿಳಿ ಟೋಪಿಯವರ ಮೀಸೆಯ ಕೆಳಗಿನ ನಗೆ ಕಾಣಲಿಲ್ಲ.

“ಒಬ್ಬರ ಮಾತು ಕೇಳಿ ಇನ್ನೊಬ್ಬರ ಮನಿಗಿ ಬೆಂಕಿ ಇಡೋದು ನಮ್ಮ ಮನ್ಯಾಗ ಒಂದು ಸರ್ತಿ ಆಗೇದ,” ಎಂದ ಜಕರಪ್ಪ, ಮಗನ ಕಡೆ ನೋಡದೆ. “ಎರಡನೇದು ಬ್ಯಾಡ. ಆಕ್ಷನದಾಗ ವಜೀರಬೀ, ಸುಗರಾ ಹನ್ನೊಂದು ದಿನ ಈ ಚರ್ಚಿನ್ಯಾಗ ಅಡಗಿದ್ರು. ಖಡ್ಗ ಹಿಡದ ನಲವತ್ತು ಮಂದಿನ್ನ ನಾ ತಡದೆ ಅಂತ ಹೇಳಕೋತ ತಿರುಗೀನಿ. ನಾ ಹೊರಸಿನ ಕೆಳಗ ಇದ್ದೆ. ನನ್ನ ಸೊಂಟದಿಂದ ಕೀಲಿ ಹರಕೊಂಡು ಹೋಗಿ ಬಾಗಲ ತಗದಾಕಿ ಇಕಿ.” ಕೀಲಿಯನ್ನು ರೂತಮ್ಮನ ಕೈಗೆ ಹಾಕಿದ. “ಇದು ಇಕಿದು.”

ಕಾಶೀರಾಮ ಬಹಳ ಹೊತ್ತು ಬರೆದ. ಜಕರಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ. ಹತ್ತೊಂಬತ್ತು ಮನೆಯವರಲ್ಲಿ ನಾಲ್ವರು ಹಿರಿಯರು ತಾವಾಗಿ ಮುಂದೆ ಬಂದು ಒತ್ತಿದರು. “ಹೊಲದ ಕಬ್ಜೆ ವಜೀರಬೀಯದು, ಮೊದಲಿಂದಲೂ,” ಎಂದು ಗಟ್ಟಿಯಾಗಿ ಓದಿ ಹೇಳಿದ, ಗೋಡೆಗೆ ಒರಗಿದವರಿಗೂ ಕೇಳುವ ಹಾಗೆ.

ವಜೀರಬೀ ಎದ್ದಳು. ಜಕರಪ್ಪನ ಮುಂದೆ ನಿಂತಳು. ಅವನು ತಲೆ ಎತ್ತಲಿಲ್ಲ.

“ನೂರು ವರ್ಷ ಕೊಡ್ಲಿ ಅಂದಿದ್ದೆ, ಕಾಕಾ,” ಎಂದಳು. “ಅದರಾಗ ಹತ್ತು ಕಡಿಮಿ ಮಾಡೀನಿ.” ಅಷ್ಟು ಹೇಳಿ ಹೊಲದ ಕಡೆ ನಡೆದಳು. ಸುಂದರಬಾಯಿ ಪುಸ್ತಕವನ್ನು ಅತ್ತೆಗೆ ಕೊಟ್ಟು, ಮನೆಯಿಂದ ಖಾಲಿ ಕೊಡ ತಂದು ಅವಳ ಹಿಂದೆ ಬಾವಿಗೆ ಹೋದಳು.

“ನನ್ನ ಸಾಲಿ ಹೋಯ್ತು,” ಎಂದ ಪ್ರಭುದಾಸ, ಯಾರಿಗೂ ಅಲ್ಲದೆ.

“ಆ ಬೆಂಚಿನ ಮ್ಯಾಲ ನಾಕು ಮಂದಿ ಹುಡುಗರು ಕೂಡ್ತಾರ. ಹಬ್ಬದ ಮರುದಿನದಿಂದ ಚರ್ಚಿನ ಒಳಗೇ ಸಾಲಿ ಹಚ್ಚು,” ಎಂದಳು ರೂತಮ್ಮ. “ಮೊದಲು ಸುಗರಾಗ ಕರಿ. ನೀನೇ ಹೋಗಿ ಕರಿ.”

ಗಿರದಾವರ ಚೀಲ ಕಟ್ಟಿಕೊಂಡು ಎದ್ದ. ಬಾಗಿಲ ಮೇಲಿನ ಕರಿ ತೊಲೆ ನೋಡಿದ, ಅದರಾಚೆ ತೂಗುವ ಗಂಟೆ ನೋಡಿದ.

“ಅಜ್ಜಾ, ಈ ಗಂಟಿ ನಿಮ್ಮಪ್ಪ ಜರ್ಮನಿಯಿಂದ ಹೊತ್ತು ತಂದಾನಂತ ಔರಾದದಾಗೂ ಮಂದಿ ಅಂತಾರ. ಅದಾದ್ರೂ ಖರೇನೋ?”

ಜಕರಪ್ಪ ಗಂಟೆಯ ಕಡೆ ಕಣ್ಣೆತ್ತಿದ. ತುಟಿ ಒಂದು ಕ್ಷಣ ಹಳೆಯ ಚಾಳಿಗೆ ಅಲುಗಿತು. ರೂತಮ್ಮ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡಳು.

“ಇಲ್ರಿ,” ಎಂದ. “ಬೀದರದ ಕಂಚಗಾರ ಓಣ್ಯಾಗ ಮಾಡಿಸಿದ್ದು. ಮೂವತ್ತು ಮಣ ಇಲ್ಲ, ಮೂರೂ ಇಲ್ಲ. ಸುಭಾನನ ಎತ್ತಿನ ಗಾಡ್ಯಾಗ ಬಂತು. ನಮ್ಮಪ್ಪ ಗಾಡಿ ಹಿಂದ ನಡಕೊಂಡು ಬಂದಿದ್ದ. ಅಷ್ಟು ಖರೆ.”